ಬಾಣಾಸುರ ಬೆಟ್ಟದ ಹಕ್ಕಿಯ ಲೆಕ್ಕ ಇಡುವವರು ಯಾರು?

ಕಲ್ಲಿಕೋಟೆ ಜಿಲ್ಲೆಯ ಆನಕ್ಕಾಂಪೊಯಿಲ್‌ನಿಂದ ವಯನಾಡಿನ ಮೇಪ್ಪಾಡಿಗೆ ಬೆಟ್ಟ ಕೊರೆದು ಎಂಟು ಕಿಲೋಮೀಟರಿಗೂ ಉದ್ದದ ಸುರಂಗ ರಸ್ತೆ ಮಾಡುವ ಕೆಲಸಕ್ಕೆ 2025ರ ಆಗಸ್ಟ್ ಕೊನೆಯಲ್ಲಿ ಚಾಲನೆ ಸಿಕ್ಕಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೇರಳ ರಾಜ್ಯದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರ ಈ ಯೋಜನೆಗೆ ಒಪ್ಪಿಗೆ ಕೊಡುವಾಗ ಹಾಕಿದ ಷರತ್ತುಗಳ ಸಾಲಿನಲ್ಲಿ ಒಂದು ಹಕ್ಕಿಯ ಹೆಸರೂ ಇತ್ತು. ಬಾಣಾಸುರ ಚಿಲಪ್ಪನ್ ಎಂಬ ಈ ಹಕ್ಕಿಯ ಮೇಲೆ ಸತತವಾಗಿ ನಿಗಾ ಇಡಬೇಕು ಎಂಬುದು ಷರತ್ತು. ಭೂಕುಸಿತದ ಮುನ್ನೆಚ್ಚರಿಕೆ, ಬಂಡೆ ಕೊರೆಯುವ ವಿಧಾನ ಇಂಥ ದೊಡ್ಡ ದೊಡ್ಡ ಮಾತುಗಳ ನಡುವೆ ಇದ್ಯಾವ ಹಕ್ಕಿ ಅಂತ ಓದುಗರು ಕೇಳಿದರೆ ಅದು ಸಹಜವೇ.

ಪಿಕಳಾರಕ್ಕಿಂತ ತುಸು ದಪ್ಪಗಿರಬಹುದಾದ ಹಕ್ಕಿ ಅದು. ಬಿಳಿ ಹುಬ್ಬು, ಬೂದು ಎದೆ, ಇಟ್ಟಿಗೆ ಬಣ್ಣದ ಹೊಟ್ಟೆ. ಒಂದು ಕೂಗಿದರೆ ಪೊದೆಯಲ್ಲಿರುವ ಉಳಿದವೂ ಸೇರಿಕೊಂಡು ನಕ್ಕಂತೆ ಗಲಾಟೆ ಎಬ್ಬಿಸುತ್ತವೆ. ವಯನಾಡಿನ ಎತ್ತರದ ಬೆಟ್ಟಗಳು ಮತ್ತು ಅದಕ್ಕೆ ತಾಗಿದ ಕೊಡಗಿನ ಬೆಟ್ಟಗಳು, ಇಷ್ಟೇ ಇದರ ಲೋಕ. ಬ್ರಹ್ಮಗಿರಿಯ ಒಂದು ಮಗ್ಗುಲು ತಿರುನೆಲ್ಲಿ, ಇನ್ನೊಂದು ಮಗ್ಗುಲು ಇರ್ಪು. ಬೆಟ್ಟದ ನೆತ್ತಿಯಲ್ಲಿ ಎರಡು ರಾಜ್ಯಗಳ ಗಡಿಕಲ್ಲು ಇದೆ, ಹಕ್ಕಿ ಎರಡೂ ಕಡೆ ಇದೆ. ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಹಿಂದೆ ಪುಸ್ತಕಗಳು ಇದನ್ನು ಬೇರೊಂದು ಹಕ್ಕಿಯ ಉಪಜಾತಿ ಎಂದು ಬರೆದು ಮುಂದೆ ಹೋಗುತ್ತಿದ್ದವು. ಹಾಗಲ್ಲ, ಇವು ಪ್ರತ್ಯೇಕ ಜಾತಿಗಳು ಎಂದು 2012ರಲ್ಲಿ ಪ್ರವೀಣ್ ಜೆ. ಮತ್ತು ಪಿ.ಒ. ನಮೀರ್ ವಾದ ಮಂಡಿಸಿದರು. ಆ ವಾದಕ್ಕೆ ವಂಶವಾಹಿಯ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಪಕ್ಷಿವಿಜ್ಞಾನಿ ವಿ.ವಿ. ರಾಬಿನ್ ಮತ್ತು ಸಂಗಡಿಗರ ಕೆಲಸದಿಂದ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್, ವಯನಾಡಿನ ಸಿ.ಕೆ. ವಿಷ್ಣುದಾಸ್ ಮೊದಲಾದವರು ಜೊತೆಗಿದ್ದರು. ರಾಬಿನ್ ಮುಂದೆ ತಿರುಪತಿಯ ಐಐಎಸ್‌ಇಆರ್ ಸೇರಿದರು.

ಈ ಕೆಲಸ ಕೋಣೆಯಲ್ಲಿ ಕುಳಿತು ಆಗುವಂಥದ್ದಲ್ಲ. ಮಂಜು ಮುಸುಕಿದ ಶೋಲಾ ಕಾಡಿನಲ್ಲಿ ಬೆಳಕು ಹರಿಯುವ ಮುಂಚೆ ತೆಳುವಾದ ಬಲೆ ಕಟ್ಟಬೇಕು. ಸಿಕ್ಕ ಹಕ್ಕಿಯ ರೆಕ್ಕೆ, ಕೊಕ್ಕು, ಕಾಲು ಅಳೆದು, ಒಂದು ಚೂರು ರಕ್ತ ತೆಗೆದು, ಕಾಲಿಗೆ ಉಂಗುರ ಹಾಕಿ ಬಿಟ್ಟುಬಿಡಬೇಕು. ಹೀಗೆ ಪಶ್ಚಿಮ ಘಟ್ಟದ ಒಂಬತ್ತು ಕಡೆಗಳಿಂದ 23 ಜಾತಿಯ 356 ಹಕ್ಕಿಗಳ ಮಾಹಿತಿ ಕೂಡಿಸಿ ಈ ತಂಡ 2015ರಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ನೀಲಗಿರಿಗೂ ಆನೆಮಲೆಗೂ ನಡುವಿನ ಪಾಲಕ್ಕಾಡ್ ಕಣಿವೆ ಘಟ್ಟಸಾಲಿನಲ್ಲೇ ಅತಿ ಅಗಲದ, ಅತಿ ಆಳದ ಬಿರುಕು. 23ರಲ್ಲಿ ಹತ್ತು ಜಾತಿಗಳಲ್ಲಿ ಅತ್ಯಂತ ಹಳೆಯ ಒಡಕು ಬಿದ್ದಿದ್ದು ಅಲ್ಲೇ. ಆ ಹತ್ತರಲ್ಲಿ ಕೆಲವು ಮಾತ್ರ ಸಣ್ಣ ಕಣಿವೆಗಳಲ್ಲೂ ಮತ್ತೆ ಒಡೆದಿವೆ, ಅದೂ ಈಚೆಗೆ. ಮನೆ ಮೊದಲು ಎರಡು ಪಾಲಾಗಿ, ಆಮೇಲೆ ಒಂದೊಂದು ಪಾಲೂ ಮತ್ತೆ ಹಿಸ್ಸೆಯಾದಂತೆ. ಉಳಿದ ಜಾತಿಗಳಿಗೆ ಕಣಿವೆ ಇದ್ದೂ ಇಲ್ಲದಂತೆ. ‘ಈಚೆಗೆ’ ಎಂದರೂ ಅದು ಲಕ್ಷ ವರ್ಷಗಳ ಲೆಕ್ಕ; ಹಿಮಯುಗಗಳು ಬಂದು ಹೋದ ಕಾಲದಲ್ಲಿ ಹವೆ ಬದಲಾದಂತೆಲ್ಲ ಬೆಟ್ಟದ ಕಾಡು ಹಿಗ್ಗಿ, ಕುಗ್ಗಿ ಆದ ಕೆಲಸ.

2017ರಲ್ಲಿ ಇದೇ ಗುಂಪು ಇನ್ನೂ ಮುಂದೆ ಹೋಯಿತು. ಘಟ್ಟದ ಈ ನಗೆಹಕ್ಕಿಗಳದ್ದೇ ಒಂದು ಕುಲ, ಅದಕ್ಕೆ ಮಾಂಟೆಸಿಂಕ್ಲಾ ಎಂದು ಹೆಸರು. ನೀಲಗಿರಿ, ಬಾಣಾಸುರ, ಪಳನಿ, ಅಶಂಬು ಎಂದು ನಾಲ್ಕು ಚಿಲಪ್ಪನ್‌ಗಳು ಅದರಲ್ಲಿ. ಇನ್ನೊಂದು ಕುಲ ಶೋಲಿಕೋಲಾ, ಶೋಲಾದ ಕತ್ತಲಲ್ಲಿ ನೆಲದ ಹತ್ತಿರ ಓಡಾಡುವ ನೀಲಿ ಹಕ್ಕಿಗಳದ್ದು. ಇವನ್ನು ಹಿಮಾಲಯದ ಮೋಟು ರೆಕ್ಕೆಯ ಹಕ್ಕಿಗಳ ದಾಯಾದಿ ಎಂದೇ ಬಹಳ ಕಾಲ ನಂಬಲಾಗಿತ್ತು. ವಂಶವಾಹಿ ನೋಡಿದರೆ ನಂಟು ನೀಲಿ ನೊಣಹಿಡುಕಗಳ ಕಡೆಗೆ! ಈ ಕುಲದಲ್ಲಿ ಶೆಂಗೋಟೆ ಕಣಿವೆಯ ದಕ್ಷಿಣಕ್ಕಿರುವ ಅಶಂಬು ಹಕ್ಕಿ ಲೋಕಕ್ಕೇ ಹೊಸ ಜಾತಿ. ಇವಕ್ಕೆ ‘ಶೋಲಕಿಳಿ’ ಎಂದು ಹೆಸರಿಟ್ಟರು. ಕಿಳಿ ಎಂದೊಡನೆ ಕನ್ನಡದವರಿಗೆ ಗಿಳಿ ನೆನಪಾದೀತು. ಗಿಳಿಯಲ್ಲ, ಮಲಯಾಳದಲ್ಲಿ ಯಾವ ಸಣ್ಣ ಹಕ್ಕಿಯಾದರೂ ಕಿಳಿಯೇ.

ಹೆಸರು ಬದಲಾದರೇನು, ಹಕ್ಕಿ ಅದೇ ತಾನೇ ಎನ್ನುವವರಿದ್ದಾರೆ. ಸರ್ಕಾರಿ ಕಡತಕ್ಕೆ ಅದು ಅದೇ ಹಕ್ಕಿಯಲ್ಲ. ಉಪಜಾತಿಯಾಗಿದ್ದಾಗ ವಯನಾಡಿನಲ್ಲಿ ಕಡಿಮೆಯಾದರೂ ಬೇರೆ ಬೆಟ್ಟದಲ್ಲಿ ಬೇಕಾದಷ್ಟಿವೆ ಎಂದು ಷರಾ ಬರೆದು ಕಡತ ಮುಚ್ಚಬಹುದಿತ್ತು. ಪ್ರತ್ಯೇಕ ಜಾತಿಯಾದ ಮೇಲೆ ಆ ನೆವ ನಡೆಯದು. ಬಾಣಾಸುರ ಚಿಲಪ್ಪನ್ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜಾತಿ. ಸುರಂಗದ ಷರತ್ತಿನಲ್ಲಿ ಅದರ ಹೆಸರು ಬಂದಿರುವುದು ಅದಕ್ಕೆ ಸ್ವಂತ ಹೆಸರು ಇರುವುದರಿಂದಲೇ. ರಕ್ತದ ಹನಿ ಹಿಡಿದು ಹೊರಟ ಸಂಶೋಧನೆ ಇಷ್ಟು ನೇರವಾಗಿ ಆಡಳಿತದ ಮೇಜಿಗೆ ಬಂದು ಮುಟ್ಟುವುದು ಅಪರೂಪ.

ಕಣಿವೆಗಳು ಲಕ್ಷಾಂತರ ವರ್ಷದಲ್ಲಿ ಮಾಡಿದ್ದನ್ನು ಮನುಷ್ಯ ನೂರೈವತ್ತು, ಇನ್ನೂರು ವರ್ಷದಲ್ಲೇ ಶುರುಮಾಡಿದ್ದಾನೆ ಎನ್ನುವುದಕ್ಕೂ ಪುರಾವೆ ಇದೆ. ಚೇತನಾ ಪುರುಷೋತ್ತಮ್ ಮತ್ತು ರಾಬಿನ್ ಆರು ಕಡೆಯ 38 ಶೋಲಕಿಳಿಗಳ 835 ಹಾಡುಗಳನ್ನು ಬಿಡಿಸಿ ನೋಡಿ 2016ರಲ್ಲಿ ಬರೆದರು. ಹಳೆಯ ಕಣಿವೆ ಅಡ್ಡವಿದ್ದಲ್ಲಿ ಹಾಡು ಬೇರೆ ಎನ್ನುವುದು ನಿರೀಕ್ಷಿತ. ಆದರೆ ಈಚೆಗೆ ಕಾಡು ಕಡಿದು ತುಂಡಾದ ಜಾಗಗಳಲ್ಲೂ ಹಾಡಿನ ಕೆಲವು ವರಸೆಗಳು ಬೇರೆಯಾಗಿಬಿಟ್ಟಿವೆ. ಮರಿಗಳು ಹಾಡನ್ನು ಹಿರಿಯ ಹಕ್ಕಿಗಳಿಂದ ಕೇಳಿ ಕಲಿಯುತ್ತವೆ. ಪಕ್ಕದ ಬೆಟ್ಟದ ಹಾಡು ಕಿವಿಗೆ ಬೀಳದಿದ್ದರೆ ಕಲಿಯುವುದೆಲ್ಲಿ? ಗಡಿನಾಡಿನ ಶಾಲೆಗಳ ವಿಷಯ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತುಂಡಾಗಿಸಿದ್ದು ಚಹಾ, ವ್ಯಾಟಲ್ ಮತ್ತು ಕನ್ನಡದವರು ‘ನೀಲಗಿರಿ’ ಎಂದೇ ಕರೆಯುವ ಮರ. ಆ ಮರ ಆಸ್ಟ್ರೇಲಿಯಾದ್ದು, ನೀಲಗಿರಿಗೆ ಬಂದದ್ದು 19ನೇ ಶತಮಾನದಲ್ಲಿ. ಹೆಸರು ಮಾತ್ರ ಬೆಟ್ಟದ್ದನ್ನೇ ಕದ್ದಿದೆ. ಶೋಲಾ ಕಾಡು ಹೋದ ಜಾಗದಲ್ಲಿ ಇಂಥ ಮರ ನೆಟ್ಟು ಹಸಿರು ಹೆಚ್ಚಿತು ಎಂದು ಲೆಕ್ಕ ತೋರಿಸುವ ಪದ್ಧತಿಯನ್ನು ಕೈಬಿಡಬೇಕು. ಶೋಲಕಿಳಿಗೆ ಅದು ಕಾಡಲ್ಲ.

ಸುರಂಗ ಬೇಡ ಎನ್ನುವುದು ಇಲ್ಲಿಯ ಮಾತಲ್ಲ. ತಾಮರಶ್ಶೇರಿ ಘಾಟಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುವ ರೋಗಿಗಳ ಕಷ್ಟ ವಯನಾಡಿನವರಿಗೆ ಗೊತ್ತು, ಮೈಸೂರು ಕಡೆಯಿಂದ ತರಕಾರಿ ಲಾರಿ ಓಡಿಸುವವರಿಗೂ ಗೊತ್ತು. ಅದೇ ಮೇಪ್ಪಾಡಿ ಮಗ್ಗುಲಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಬೆಟ್ಟ ಕುಸಿದು 250ಕ್ಕೂ ಹೆಚ್ಚು ಜನ ಸತ್ತಿದ್ದೂ ಮರೆಯುವಂಥದ್ದಲ್ಲ. ಷರತ್ತು ಹಾಕಿದ್ದರೆ ಅದು ನಡೆಯಬೇಕು ಎಂಬುದಷ್ಟೇ ಕೇಳುತ್ತಿರುವುದು. ‘ನಿಗಾ’ ಎಂದರೆ ಏನು? ವರ್ಷಕ್ಕೊಮ್ಮೆ ಜೀಪಿನಲ್ಲಿ ಹೋಗಿ ಹಕ್ಕಿ ಕಂಡಿತು ಎಂದು ಬರೆಯುವುದಾದರೆ ಅದು ನಿಗಾ ಅಲ್ಲ. ಎಷ್ಟು ಜಾಗದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಹಕ್ಕಿ, ಎಷ್ಟು ಗೂಡು ಎಂಬ ಲೆಕ್ಕ ಬೇಕು. ಕೂಗಿನ ಧ್ವನಿಮುದ್ರಣ ಬೇಕು, ಯಾಕೆಂದರೆ ತುಂಡಾಗುವುದರ ಮೊದಲ ಗುರುತು ಎಣಿಕೆಗಿಂತ ಮುಂಚೆ ದನಿಯಲ್ಲೇ ಸಿಗಬಹುದು.

ಎರಡನೆಯದಾಗಿ, ಈ ಲೆಕ್ಕ ಕೇರಳ ಒಂದೇ ಇಟ್ಟರೆ ಅರ್ಧ ಲೆಕ್ಕ. ಬ್ರಹ್ಮಗಿರಿಯ ಉತ್ತರದ ಇಳಿಜಾರು ಕರ್ನಾಟಕದ ವನ್ಯಧಾಮ. ಆನೆ ಎಣಿಕೆಗೆ ಎರಡೂ ರಾಜ್ಯದ ಅರಣ್ಯ ಇಲಾಖೆಗಳು ಕೂಡಿಕೊಳ್ಳಬಹುದಾದರೆ ಹಿಡಿಯಷ್ಟು ಬೆಟ್ಟಗಳಲ್ಲಿ ಉಳಿದ ಹಕ್ಕಿಗೂ ಒಂದೇ ವಾರ, ಒಂದೇ ವಿಧಾನದಲ್ಲಿ ಎಣಿಕೆ ಮಾಡುವುದು ಏನೂ ದೊಡ್ಡದಲ್ಲ. ಕಾಡಿನ ಜಾಡು ಬಲ್ಲ ಆದಿವಾಸಿ ಯುವಕರು ಎರಡೂ ಕಡೆ ಇದ್ದಾರೆ. ಅವರಿಗೆ ತರಬೇತಿ, ದಿನಗೂಲಿ ಎರಡೂ ಕೊಟ್ಟು ಈ ಕೆಲಸಕ್ಕೆ ಕರೆಯಬೇಕು.

ಆ ವರದಿ ಕಲ್ಪೆಟ್ಟದಲ್ಲೂ ಮಡಿಕೇರಿಯಲ್ಲೂ ಯಾರು ಕೇಳಿದರೂ ಸಿಗುವಂತಿರಬೇಕು, ಮಲಯಾಳದ ಜೊತೆ ಕನ್ನಡದಲ್ಲೂ ಇರಬೇಕು. ಸುರಂಗದ ಯಂತ್ರ ಕೆಲಸ ಮುಗಿಸುವವರೆಗೆ ಪ್ರತಿ ವರ್ಷ, ಮುಗಿಸಿ ಹೋದ ಮೇಲೂ ಕೆಲವು ವರ್ಷ.