ಬೆರಳಿಗೆ ತಕ್ಕ ಯಂತ್ರವೋ, ಯಂತ್ರಕ್ಕೆ ತಕ್ಕ ಬೆರಳೋ?

ಕಳೆದ ತಿಂಗಳು ಬಂಗಾರಪೇಟೆಯ ದಿನಸಿ ವ್ಯಾಪಾರಿಯೊಬ್ಬರು ಹಳೆಯ ಲ್ಯಾಪ್‌ಟಾಪೊಂದನ್ನು ಚೀಲದಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದರು. "ಮೇಷ್ಟ್ರೇ, ಇದು ಕೈಕೊಟ್ಟಿತು. ರಿಪೇರಿಯವರು ಟಚ್‌ಪ್ಯಾಡನ್ನೇ ಬದಲಾಯಿಸಬೇಕು, ಎರಡು ಸಾವಿರ ಆಗುತ್ತದೆ ಅಂತಾರೆ. ಬಿಲ್ಲು ಬರೆಯುವುದು ನಿಂತು ನಾಲ್ಕು ದಿನವಾಯಿತು" ಎಂದರು.

ಸಂಗತಿ ಇಷ್ಟು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ರ ಷರತ್ತುಗಳಿಗೆ ಈ ಹಳೆಯ ಯಂತ್ರ ಒಳಪಡಲಿಲ್ಲ. ಆದ್ದರಿಂದ ವ್ಯಾಪಾರಿಯ ಸೋದರಳಿಯ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿ, ಇಂದು ಲೋಕದ ಸಾವಿರಾರು ಜನ ಕೂಡಿ ಬೆಳೆಸುತ್ತಿರುವ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಮುಕ್ತ ತಂತ್ರಾಂಶ ಅದು. ಯಂತ್ರ ಮೊದಲಿಗಿಂತ ಚುರುಕಾಯಿತು. ಆದರೆ ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿದರೆ ಬಾಣ ಓಡುತ್ತಿತ್ತೇ ಹೊರತು, ತಟ್ಟಿದರೆ ಏನೂ ತೆರೆಯುತ್ತಿರಲಿಲ್ಲ. ಒತ್ತುವ ಗುಂಡಿ ಎಂದೋ ಸವೆದುಹೋಗಿತ್ತು.

ನಾವು ಪಕ್ಕದ ಮನೆಯಿಂದ ಒಂದು ಮೌಸ್ ಕೇಳಿ ತಂದೆವು. ಸೆಟ್ಟಿಂಗ್ಸ್ ತೆರೆದು, 'ಮೌಸ್ ಮತ್ತು ಟಚ್‌ಪ್ಯಾಡ್' ಎಂಬಲ್ಲಿಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ಮೌಸಿನ ಬದಲು ಟಚ್‌ಪ್ಯಾಡನ್ನು ಆರಿಸಿ, 'ತಟ್ಟಿದರೆ ಕ್ಲಿಕ್' ಎಂಬರ್ಥದ ಚೌಕದಲ್ಲಿ ಗುರುತು ಹಾಕಿದೆವು. ಕೆಲಸ ಮುಗಿಯಿತು. ಖರ್ಚು ಸೊನ್ನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಬೈಸಿಕೊಂಡದ್ದು ಮಾತ್ರ ಕುಣಿಯುವವನು.

ಇದು ಒಬ್ಬ ವ್ಯಾಪಾರಿಯ ಪ್ರಶ್ನೆಯಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಅನ್ನ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿದೆ. ಅಂಥ ಮನೆಗಳಲ್ಲಿ ಮಕ್ಕಳ ಓದಿಗೆ ಬರುವುದು ಎರಡನೆಯ ಕೈಯ ಲ್ಯಾಪ್‌ಟಾಪು. ಅದು ಗುಜರಿಗೆ ಹೋಗುವುದೋ ಇನ್ನೈದು ವರ್ಷ ದುಡಿಯುವುದೋ ಎಂಬುದು ಅನೇಕ ವೇಳೆ ಇಂಥ ಒಂದು ಚೌಕದ ಮೇಲೆ ನಿಂತಿರುತ್ತದೆ.

ಟಚ್‌ಪ್ಯಾಡು ನಮ್ಮ ಒತ್ತಡವನ್ನು ಅಳೆಯುವುದಿಲ್ಲ. ಬೆರಳು ಸಮೀಪಿಸಿದಾಗ ಅದರ ಕೆಳಗಿನ ವಿದ್ಯುತ್ ಆವೇಶದಲ್ಲಿ ಆಗುವ ಸೂಕ್ಷ್ಮ ವ್ಯತ್ಯಾಸವನ್ನು ಅದು ಅಳೆಯುತ್ತದೆ. ಆದುದರಿಂದ ಮೆತ್ತನೆಯ ಬೆರಳನ್ನು ಬೇಗ ಗುರುತಿಸುವ ಯಂತ್ರ, ಸಿಮೆಂಟು, ಎಣ್ಣೆ, ಕಬ್ಬಿಣಗಳಲ್ಲಿ ದುಡಿದು ಒಣಗಿ ದಡ್ಡುಗಟ್ಟಿದ ಬೆರಳನ್ನು ಕೆಲವೊಮ್ಮೆ ಗುರುತಿಸದೆ ಹೋಗುತ್ತದೆ. ದುಡಿಯುವವನು "ನನಗೆ ಇದೆಲ್ಲ ಬರುವುದಿಲ್ಲ" ಎಂದು ತನ್ನನ್ನೇ ಹಳಿದುಕೊಂಡು ಎದ್ದುಹೋಗುತ್ತಾನೆ. ನಾವು ಇದನ್ನು ಒಪ್ಪಲಾರೆವು.

ಈ ಊರಿನ ಬೆರಳಿಗೆ ಒಂದು ಚರಿತ್ರೆಯಿದೆ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಟ್ಟಳೆ ಬಂದಾಗ ಗಣಿ ಕಾರ್ಮಿಕರು ಕೆಲಸ ಬಿಟ್ಟು ಮುಷ್ಕರ ಹೂಡಿದರು. ಟಚ್‌ಪ್ಯಾಡಿನ ಪ್ರಶ್ನೆ ಅಷ್ಟು ದೊಡ್ಡದಲ್ಲ, ನಿಜ. ಆದರೆ ನಮ್ಮ ಬೆರಳು ಯಾರ ಕಟ್ಟಳೆಯಂತೆ ನಡೆಯಬೇಕು ಎಂಬ ಮಾತು ಎರಡರಲ್ಲಿಯೂ ಇದೆ.

ಹಾಗಾದರೆ ಮಾಡಬೇಕಾದುದೇನು? ಯಂತ್ರ ಕೈಗೆ ಬಂದ ದಿನವೇ ಆ ಒಂದು ಪುಟವನ್ನು ತೆರೆದು ಕೂರಬೇಕು. ತಟ್ಟುವುದನ್ನು ಚಾಲೂ ಮಾಡಿದರೆ ಒಂದು ಬೆರಳ ತಟ್ಟು ಎಡಗುಂಡಿ, ಎರಡು ಬೆರಳ ತಟ್ಟು ಬಲಗುಂಡಿ. ಬಾಣ ತೀರ ಓಡಿದರೆ ಅಥವಾ ತೆವಳಿದರೆ ವೇಗದ ಪಟ್ಟಿಯನ್ನು ಸರಿಸಬೇಕು. ಎರಡು ಬೆರಳಿನಿಂದ ಎಳೆದಾಗ ಪುಟ ತಿರುಗುಮುರುಗಾಗಿ ಓಡಿದರೆ ಅದಕ್ಕೂ ಗುರುತಿದೆ. ವ್ಯಾಪಾರಿಗಳು ಮುಖ್ಯವಾಗಿ ಗಮನಿಸತಕ್ಕದ್ದು 'ಟೈಪು ಮಾಡುವಾಗ ಟಚ್‌ಪ್ಯಾಡ್ ನಿಲ್ಲಿಸು' ಎಂಬುದನ್ನು. ಅದಿಲ್ಲದಿದ್ದರೆ ಅಂಗೈ ತಗುಲಿ ಬಾಣ ಬೇರೆ ಸಾಲಿಗೆ ಹಾರುತ್ತದೆ, ಸಕ್ಕರೆಯ ಲೆಕ್ಕ ಬೇಳೆಯ ಸಾಲಿಗೆ ಬೀಳುತ್ತದೆ. ಟಚ್‌ಪ್ಯಾಡು ಪೂರ್ತಿ ನಿಶ್ಚಲವಾದರೆ ಅಂಗಡಿಗೆ ಓಡುವ ಮುನ್ನ ಮೇಲಿನ ಸಾಲಿನ ಕೀಲಿಗಳನ್ನು ನೋಡಿರಿ. ಅನೇಕ ಯಂತ್ರಗಳಲ್ಲಿ ಅದನ್ನು ಮುಚ್ಚಿ ತೆರೆಯುವ ಕೀಲಿ ಅಲ್ಲಿಯೇ ಇರುತ್ತದೆ.

ಎಡಗೈಯವರಿಗೆ ಮೌಸಿನ ಗುಂಡಿಗಳನ್ನು ಅದಲುಬದಲು ಮಾಡುವ ಅನುಕೂಲವೂ ಇದೆ. ನಾವು ಮೇಷ್ಟ್ರಾಗಿದ್ದಾಗ ಎಡಗೈಯಲ್ಲಿ ಬರೆದ ಮಗುವಿನ ಕೈಗೆ ಕೋಲು ಬಿದ್ದುದನ್ನು ಕಂಡಿದ್ದೇವೆ. ಯಂತ್ರವೊಂದು ಎಡಗೈಗೆ ದಾರಿ ಬಿಟ್ಟುಕೊಡುವಾಗ ನಾವು ಅದನ್ನು ಬಳಸದಿರುವುದು ಸರಿಯಲ್ಲ.

"ತಟ್ಟುವ ಅನುಕೂಲವಿದ್ದೂ ಅದನ್ನು ಮುಚ್ಚಿಟ್ಟದ್ದೇಕೆ?" ಎಂದು ಓದುಗರು ಕೇಳಬಹುದು. ಲಿನಕ್ಸ್‌ನಲ್ಲಿ ಬೆರಳು ಮತ್ತು ಮೌಸಿನ ಸಂಜ್ಞೆಗಳನ್ನು ನಿರ್ವಹಿಸುವ ಲಿಬ್‌ಇನ್‌ಪುಟ್ ಎಂಬ ಭಾಗದ ನಿರ್ಮಾಪಕರು ಇದಕ್ಕೆ ಕಾರಣ ಕೊಟ್ಟಿದ್ದಾರೆ. ತಟ್ಟುವುದು ಗೊತ್ತಿಲ್ಲದವರಿಗೆ ಆಕಸ್ಮಿಕ ಕ್ಲಿಕ್ಕುಗಳಿಂದ ತೊಂದರೆ. ಗೊತ್ತಿದ್ದವರು ಹುಡುಕಿ ಚಾಲೂ ಮಾಡಿಕೊಳ್ಳುತ್ತಾರೆ ಎಂಬುದು ಅವರ ವಾದ. ವಾದದಲ್ಲಿ ಪ್ರಾಮಾಣಿಕತೆಯಿದೆ. ಆದರೆ ಹುಡುಕಲು ಹೆಸರು ತಿಳಿದಿರಬೇಕು, ಹೆಸರು ಇಂಗ್ಲಿಷಿನಲ್ಲಿದೆ. ನಮ್ಮ ವ್ಯಾಪಾರಿಗೆ ತಟ್ಟುವುದು ಗೊತ್ತಿತ್ತು, ಹುಡುಕುವುದು ಗೊತ್ತಿರಲಿಲ್ಲ. ಅಂಥವರು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಸಂತೋಷದ ಮಾತೆಂದರೆ, ಲಿನಕ್ಸ್‌ನಲ್ಲಿ ಬಹುಬಳಕೆಯ ಗ್ನೋಮ್ ಎಂಬ ತೆರೆ ತನ್ನ 2024ರ 46ನೆಯ ಆವೃತ್ತಿಯಿಂದ ತಟ್ಟುವುದನ್ನು ಮೊದಲಿನಿಂದಲೇ ಚಾಲೂ ಇಟ್ಟಿದೆ. ಬಳಸುವವರ ಮಾತಿಗೆ ಬೆಲೆಯುಂಟು ಎಂಬುದಕ್ಕೆ ಇದು ಸಾಕ್ಷಿ. ಆದರೆ ಹಳೆಯ ಯಂತ್ರಗಳಿಗೆ ಹಾಕುವ ಹಗುರವಾದ ತೆರೆಗಳಲ್ಲಿ ಈಗಲೂ ನಾವೇ ನೋಡಿಕೊಳ್ಳಬೇಕಾಗಬಹುದು.

"ನೂರಿನ್ನೂರು ರೂಪಾಯಿಗೆ ಮೌಸ್ ಸಿಗುತ್ತದೆ, ಇಷ್ಟೆಲ್ಲ ಏಕೆ?" ಎನ್ನುವವರಿದ್ದಾರೆ. ಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ತಿಳಿಯದೆ ಕೊಂಡರೆ ಇಂದು ಮೌಸ್, ನಾಳೆ ಕೀಲಿಮಣೆ, ನಾಳಿದ್ದು ಯಂತ್ರವೇ. ಬಿಚ್ಚಿ ನೋಡಲು ಅವಕಾಶವಿರುವ ತಂತ್ರಾಂಶವನ್ನು ಪಡೆದೂ ಬಿಚ್ಚಿ ನೋಡದಿದ್ದರೆ ಆ ಸ್ವಾತಂತ್ರ್ಯ ಕಾಗದದ ಮೇಲಿನದು.

ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಲಿನಕ್ಸ್ ಮೇಲೆಯೇ ಪಾಠ ನಡೆಯುತ್ತಿದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿ ಆಗುವುದು ಬಂಗಾರಪೇಟೆಯಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲಿ ಏಕಾಗಬಾರದು? ಸರ್ಕಾರ ಬರುವವರೆಗೆ ಕಾಯಬೇಕಾಗಿಲ್ಲ. ಕಾರ್ಮಿಕ ಸಂಘದ ಕೊಠಡಿಯಲ್ಲೋ, ವರ್ತಕರ ಸಂಘದಲ್ಲೋ, ಗ್ರಂಥಾಲಯದಲ್ಲೋ ವಾರಕ್ಕೊಂದು ಸಂಜೆ ಸಾಕು. ತಿಳಿದ ಹುಡುಗನೊಬ್ಬ, ಮೇಜೊಂದು, ಹೆಚ್ಚುವರಿ ಮೌಸೊಂದು. ತೆರೆಯ ಮೇಲಿನ ಮಾತುಗಳ ಕನ್ನಡ ಅನುವಾದ ಅರೆಬರೆಯಾಗಿದೆ. ಅದನ್ನು ತಿದ್ದಿ ಕಳುಹಿಸಲು ಯಾರ ಅಪ್ಪಣೆಯೂ ಬೇಡ. ನಮ್ಮ ಊರಿನ ಪದವೀಧರ ಯುವಕ ಯುವತಿಯರು ಈ ಕೆಲಸಕ್ಕೆ ಕೈ ಹಾಕಲಿ.

ಆ ವ್ಯಾಪಾರಿ ಮರುದಿನ ಅಂಗಡಿ ತೆರೆದು ಬಿಲ್ಲು ಬರೆದರು. ಸಂಜೆ ಪಕ್ಕದ ಅಂಗಡಿಯವರ ಯಂತ್ರವನ್ನೂ ತಾವೇ ಸರಿಮಾಡಿಕೊಟ್ಟರೆಂದು ಕೇಳಿದೆವು. ಎರಡು ಸಾವಿರ ಉಳಿದುದಕ್ಕಿಂತ ನಮಗೆ ಹಿಗ್ಗು ತಂದದ್ದು ಇದು.