ಗೆದ್ದೆತ್ತಿನ ಬಾಲವೂ ಹೊಸ ಮೈದಾನವೂ

ಗೆದ್ದೆತ್ತಿನ ಬಾಲ ಹಿಡಿಯುವವರೇ ಲೋಕದಲ್ಲಿ ಹೆಚ್ಚೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಕಾಲ್ಚೆಂಡಿನ ತಂಡಕ್ಕೆ ಜನರ ಬೆಂಬಲ ಹೇಗೆ ಬರುತ್ತದೆಂದು ಯಾರನ್ನು ಕೇಳಿದರೂ ಈ ಗಾದೆಯ ಅರ್ಥವೇ ಉತ್ತರವಾಗಿ ದೊರೆಯುತ್ತದೆ: ಗೆದ್ದರೆ ಜನ ಬರುತ್ತಾರೆ, ಸೋತರೆ ಬಿಡುತ್ತಾರೆ. ಒಳ್ಳೆಯ ಕ್ರೀಡಾಂಗಣವನ್ನು ಕಟ್ಟಿಸಿದರೆ ಜನ ತಾವಾಗಿಯೇ ಬರುವರೆಂದು ಹೇಳುವವರೂ ಉಂಟು. ಎರಡು ಮಾತಿಗೂ ಸಾಕ್ಷ್ಯ ಹೇರಳವಾಗಿದೆ. ಆದರೆ ಆ ಸಾಕ್ಷ್ಯದ ಬಹುಭಾಗವನ್ನು ಪ್ರಯೋಗಶಾಲೆಯಲ್ಲಿ ಯಾವ ಅಧ್ಯಾಪಕನೂ ಒಪ್ಪಲಾರನೆಂಬುದು ನನ್ನ ವಾದ.

ನಮ್ಮ ಬೆಂಗಳೂರಿನ ನಿದರ್ಶನವನ್ನೇ ನೋಡೋಣ. ಬೆಂಗಳೂರು ಎಫ್.ಸಿ. ತಂಡ 2013ರಲ್ಲಿ ಹುಟ್ಟಿತು. ಅಶೋಕನಗರದ ಫುಟ್ಬಾಲ್ ಸ್ಟೇಡಿಯಮ್ಮಿನಲ್ಲಿ ಆಡುತ್ತ, ಮೊದಲನೆಯ ಋತುವಿನಲ್ಲಿಯೇ, ಅಂದರೆ 2013–14ರಲ್ಲಿ, ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಅದೇ 2014ರಲ್ಲಿ, ಹೆಚ್ಚು ಜನ ಹಿಡಿಯುವ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಿಡಾರ ಬದಲಿಸಿತು. ಆ ಬಳಿಕ ನೆರೆದ ಜನರನ್ನು ಕರೆತಂದದ್ದು ಗೆಲುವೋ, ಮೈದಾನವೋ? ಎರಡೂ ಒಮ್ಮೆಗೇ ಬದಲಾದುದರಿಂದ ಹೇಳಲು ಬರುವಂತಿಲ್ಲ. ಬಾಯ್ಲನ ನಿಯಮವನ್ನು ಪರೀಕ್ಷಿಸುವ ವಿದ್ಯಾರ್ಥಿ ಅನಿಲದ ಒತ್ತಡವನ್ನು ಬದಲಿಸುವಾಗ ಉಷ್ಣತೆ ಕದಲದಂತೆ ನೋಡಿಕೊಳ್ಳುತ್ತಾನೆ. ಒತ್ತಡವನ್ನೂ ಉಷ್ಣತೆಯನ್ನೂ ಒಟ್ಟಿಗೆ ಬದಲಿಸಿ, ಗಾತ್ರ ಹೆಚ್ಚಿತೆಂದು ಬರೆದು ತಂದರೆ ಆ ಪುಸ್ತಕ ಹಾಗೆಯೇ ಹಿಂದಕ್ಕೆ ಹೋಗುತ್ತದೆ.

ಇನ್ನೊಂದು ತೊಡಕು ಮಾಪಕದ್ದು. ಬೆಂಬಲವನ್ನು ಅಳೆಯುವುದಕ್ಕೆ ನಮಗಿರುವ ಸಾಧನ ಬಾಗಿಲಲ್ಲಿ ಎಣಿಸಿದ ಪ್ರೇಕ್ಷಕರ ಸಂಖ್ಯೆ. ಲಂಡನ್ನಿನ ಆರ್ಸೆನಲ್ ತಂಡ 1913ರಿಂದ ಹೈಬರಿ ಮೈದಾನದಲ್ಲಿ ಆಡುತ್ತಿತ್ತು. ಕೊನೆಯ ವರ್ಷಗಳಲ್ಲಿ ಅಲ್ಲಿದ್ದುದು ಸುಮಾರು 38 ಸಾವಿರ ಆಸನಗಳು. ಅವು ವಾರವಾರವೂ ತುಂಬುತ್ತಿದ್ದುವು. 2006ರಲ್ಲಿ ತಂಡ ಸುಮಾರು 60 ಸಾವಿರ ಆಸನಗಳ ಎಮಿರೇಟ್ಸ್ ಕ್ರೀಡಾಂಗಣಕ್ಕೆ ಹೋಯಿತು. ಅದೂ ತುಂಬಿತು. 2005ರ ಎಫ್.ಎ. ಕಪ್ಪಿನ ಬಳಿಕ 2014ರವರೆಗೆ ಆ ತಂಡಕ್ಕೆ ದೊಡ್ಡ ಪ್ರಶಸ್ತಿ ಒಂದೂ ಬರಲಿಲ್ಲವೆಂಬುದನ್ನು ನೆನೆದರೆ, ಹೆಚ್ಚಿದ 22 ಸಾವಿರ ಜನರನ್ನು ಗೆಲುವು ತಂದಿತೆನ್ನಲಾಗದು. ಹಾಗೆಂದು ಇಟ್ಟಿಗೆ ಗಾರೆಗಳು ತಂದುವೆನ್ನುವುದೂ ಸರಿಯಲ್ಲ. ಪಾದರಸ ತುದಿಮುಟ್ಟಿದ ಮೇಲೆ ಉಷ್ಣಮಾಪಕ ಏನನ್ನೂ ಹೇಳುವುದಿಲ್ಲ. ಉದ್ದವಾದ ಕೊಳವೆಯನ್ನು ತಂದೊಡನೆ ಪಾದರಸ ಮೇಲೇರಿದರೆ ಜ್ವರ ಈಗ ಏರಿತೆಂದು ಭಾವಿಸುವ ವೈದ್ಯನುಂಟೆ?

ಎರಡು ಕಾರಣಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಎಳೆದ ಸಂದರ್ಭ ದೊರೆತರೆ ನಮ್ಮ ಕೆಲಸ ಸುಲಭವಾಗುತ್ತದೆ. ಅಂಥದೊಂದು ಇಂಗ್ಲೆಂಡಿನ ಈಶಾನ್ಯದಲ್ಲಿರುವ ಸಂಡರ್‌ಲೆಂಡ್ ಪಟ್ಟಣದಲ್ಲಿ ತಾನಾಗಿಯೇ ಒದಗಿತು. ಅಲ್ಲಿಯ ತಂಡ 1898ರಿಂದ ರೋಕರ್ ಪಾರ್ಕ್ ಎಂಬಲ್ಲಿ ಆಡುತ್ತಿತ್ತು. 1933ರಲ್ಲಿ ಒಂದು ಪಂದ್ಯಕ್ಕೆ ಅಲ್ಲಿ 75 ಸಾವಿರ ಜನ ಸೇರಿದ್ದರು, ಬಹುಮಟ್ಟಿಗೆ ನಿಂತುಕೊಂಡೇ. 1989ರ ಹಿಲ್ಸ್‌ಬರೊ ದುರಂತದಲ್ಲಿ ನೂಕುನುಗ್ಗಲಿಗೆ ಸಿಕ್ಕಿದವರಲ್ಲಿ 97 ಮಂದಿ ಸತ್ತ ಬಳಿಕ ಸುರಕ್ಷತೆಯ ನಿಯಮಗಳು ಬಿಗಿಯಾದುವು. ರೋಕರ್ ಪಾರ್ಕಿನಲ್ಲಿ ಸುಮಾರು 22 ಸಾವಿರ ಜನರಿಗೆ ಮಾತ್ರ ಎಡೆ ಉಳಿಯಿತು. 1996–97ರಲ್ಲಿ ತಂಡ ಅತ್ಯುನ್ನತ ಶ್ರೇಣಿಯಲ್ಲಿದ್ದಾಗ ಸರಾಸರಿ 21 ಸಾವಿರದಷ್ಟು ಜನ ಬರುತ್ತಿದ್ದರು. ಆ ಋತುವಿನ ಕೊನೆಗೆ ತಂಡ ಸೋತು ಎರಡನೆಯ ಶ್ರೇಣಿಗೆ ಇಳಿಯಿತು. ಅದೇ 1997ರಲ್ಲಿ, ಮುಚ್ಚಿಹೋಗಿದ್ದ ಕಲ್ಲಿದ್ದಲ ಗಣಿಯೊಂದರ ನೆಲದ ಮೇಲೆ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಕೀಳು ಶ್ರೇಣಿಯ ಆಟಕ್ಕೆ ಬಂದವರ ಸರಾಸರಿ 30 ಸಾವಿರವನ್ನು ಮೀರಿತು!

ಹಾಗಾದರೆ ಮೈದಾನವೇ ಗೆದ್ದಿತೆ? ಅವಸರ ಬೇಡ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆಯುತ್ತಾನಷ್ಟೆ. ಹೊಸತನದ ಆಕರ್ಷಣೆ ಕಳೆದ ಮೇಲಿನ ಲೆಕ್ಕವನ್ನು ನೋಡಬೇಕು. ತಂಡ ಮೇಲಿನ ಶ್ರೇಣಿಗೆ ಮರಳಿ ಚೆನ್ನಾಗಿ ಆಡಿದ 2000–01ರಲ್ಲಿ ಸರಾಸರಿ 45 ಸಾವಿರವನ್ನು ದಾಟಿತು. 2003ರಲ್ಲಿ ಕೇವಲ 19 ಅಂಕಗಳೊಡನೆ ಮತ್ತೆ ಕೆಳಗಿಳಿದಾಗ, ಮರುವರ್ಷ 27 ಸಾವಿರದ ಸುಮಾರಿಗೆ ಬಂದಿತು. ಮತ್ತೊಮ್ಮೆ ಇಳಿದ 2017–18ರಲ್ಲಿಯೂ ಅದು ನಿಂತದ್ದು 27 ಸಾವಿರದ ಆಸುಪಾಸಿನಲ್ಲಿಯೇ. ಈ ಎರಡು ಅಂಕಿಗಳ ಸಾಮ್ಯವನ್ನು ನಾನು ಆಕಸ್ಮಿಕವೆಂದು ತಳ್ಳಿಹಾಕಲಾರೆ. ಗೆಲುವು ಸೋಲುಗಳು ಮೇಲಿನ ಇಪ್ಪತ್ತು ಸಾವಿರವನ್ನು ಅಲೆಯಂತೆ ಏರಿಸಿ ಇಳಿಸುತ್ತವೆ. ಕೆಳಗಿನ ಮಟ್ಟ ಅಲುಗುವುದಿಲ್ಲ. ಆ ಮಟ್ಟವೂ ಹಳೆಯ ಮೈದಾನದ ಎಡೆಗಿಂತ ದೊಡ್ಡದು. ಎಂದರೆ ಅಷ್ಟು ಮಂದಿಯಲ್ಲಿ ಬಹುಪಾಲು ಮೊದಲೇ ಇದ್ದರು, ಬಾಗಿಲ ಹೊರಗಿದ್ದರು. 2018–19ರಲ್ಲಿ ತಂಡ ಇನ್ನೂ ಕೆಳಗೆ, ಮೂರನೆಯ ಶ್ರೇಣಿಯಲ್ಲಿದ್ದರೂ ಹೆಚ್ಚು ಪಂದ್ಯಗಳನ್ನು ಗೆಲ್ಲತೊಡಗಿತು. ಸಂಖ್ಯೆ ಮತ್ತೆ 30 ಸಾವಿರವನ್ನು ಮೀರಿತು. 2018ರ ಡಿಸೆಂಬರ್ 26ರಂದು ಒಂದೇ ಪಂದ್ಯಕ್ಕೆ 46,039 ಮಂದಿ ಬಂದರು. ಜನ ಶ್ರೇಣಿಯ ಹೆಸರಿಗಿಂತ ಗೆಲುವಿನ ರುಚಿಯನ್ನೇ ಹೆಚ್ಚಾಗಿ ಬಯಸುತ್ತಾರೆಂದು ತೋರುತ್ತದೆ.

ಇದೆಲ್ಲ ಬರಿಯ ಬುದ್ಧಿಯ ಕಸರತ್ತೆಂದು ವಾಚಕರು ತಿಳಿಯಬಾರದು. ಸಂಡರ್‌ಲೆಂಡಿಗೆ ದೂರವಲ್ಲದ ಡಾರ್ಲಿಂಗ್ಟನ್ ಎಂಬ ಪಟ್ಟಣದಲ್ಲಿ 1883ರಲ್ಲಿ ಸ್ಥಾಪಿತವಾದ ತಂಡವೊಂದು ನಾಲ್ಕನೆಯ ಶ್ರೇಣಿಯಲ್ಲಿ ಆಡಿಕೊಂಡಿತ್ತು. ಲಕ್ಷ ಜನರಿರುವ ಆ ಊರಿನಲ್ಲಿ 2003ರಲ್ಲಿ ಅದಕ್ಕೆ 25 ಸಾವಿರ ಆಸನಗಳ ಕ್ರೀಡಾಂಗಣವನ್ನು ಕಟ್ಟಿಕೊಟ್ಟರು. ಮೊದಲ ಪಂದ್ಯಕ್ಕೆ 11,600 ಮಂದಿ ಬಂದರು. ಆಮೇಲೆ ಬಂದವರು ಕೆಲವೇ ಸಾವಿರ. ಹಂಡೆಯನ್ನು ದೊಡ್ಡದು ಮಾಡಿದರೆ ಬಾವಿಯಲ್ಲಿ ನೀರು ಹೆಚ್ಚುತ್ತದೆಯೆ? ಅಂಥ ಕಟ್ಟಡದ ಖರ್ಚನ್ನು ಆ ಗುಂಪಿನ ಟಿಕೇಟಿನ ಹಣ ಹೊರಲಾರದೆ ಹೋಯಿತು. ಸಾಲದ ಕಾರಣದಿಂದ 2003, 2009, 2012ರಲ್ಲಿ ಕ್ಲಬ್ಬು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಕೊನೆಗೆ ಆ ಕ್ರೀಡಾಂಗಣವನ್ನೇ ಬಿಡಬೇಕಾಯಿತು. ನೂರಿಪ್ಪತ್ತು ವರ್ಷಗಳ ಸಂಸ್ಥೆಯನ್ನು ಕೆಡವುವುದಕ್ಕೆ ಒಂದು ತಪ್ಪು ಅಳತೆ ಸಾಲದಿರಬಹುದು, ಆದರೆ ಅದರ ಪಾಲು ಸಣ್ಣದಲ್ಲ.

ಆದುದರಿಂದ ಹೊಸ ಕ್ರೀಡಾಂಗಣವನ್ನು ಯೋಜಿಸುವವರು ಪ್ರಶಸ್ತಿ ಗೆದ್ದ ವರ್ಷದ ಗುಂಪನ್ನು ನೋಡಿ ಆಸನಗಳ ಲೆಕ್ಕ ಹಾಕಕೂಡದೆಂದು ನನ್ನ ಅಭಿಪ್ರಾಯ. ತಂಡ ಸೋಲುತ್ತಿರುವಾಗ ಎಣಿಸಬೇಕು. ಬೆಂಗಳೂರು ತಂಡ 2023–24ರ ಐ.ಎಸ್.ಎಲ್. ಪಂದ್ಯಾವಳಿಯಲ್ಲಿ 10ನೆಯ ಸ್ಥಾನಕ್ಕೆ ಇಳಿದಿತ್ತು. ಮೈದಾನ ಬದಲಾಗಿರಲಿಲ್ಲ, ಹೊಸತನ ಕಳೆದು ಬಹುಕಾಲವಾಗಿತ್ತು. ಆ ವರ್ಷದ ಬಾಗಿಲ ಲೆಕ್ಕ, ಪ್ರಶಸ್ತಿ ಬಂದ 2018–19ರ ಲೆಕ್ಕಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಡಾರ್ಲಿಂಗ್ಟನ್ನಿನ ಅಭಿಮಾನಿಗಳು 2012ರಲ್ಲಿ ತಾವೇ ಸೇರಿ ತಂಡವನ್ನು ಮತ್ತೆ ಕಟ್ಟಿದರು. ಅದನ್ನು ಒಮ್ಮೆಗೇ ನಾಲ್ಕು ಶ್ರೇಣಿ ಕೆಳಗೆ ಇರಿಸಲಾಯಿತು. ಸ್ವಂತ ಮೈದಾನವಿಲ್ಲದೆ ಪಕ್ಕದ ಬಿಷಪ್ ಆಕ್ಲೆಂಡ್ ಎಂಬ ಊರಿನಲ್ಲಿ ಆಡಬೇಕಾಯಿತು. ನಾಲ್ಕು ವರ್ಷ, 2016ರ ಡಿಸೆಂಬರಿನಲ್ಲಿ ತಮ್ಮ ಊರಿಗೆ ಮರಳುವವರೆಗೆ, ಅವರು ಅಲ್ಲಿಗೇ ಹೋಗಿ ಟಿಕೇಟು ಕೊಂಡು ಆಟ ನೋಡಿದರು.