ಮೊಬೈಲ್‌ನಿಂದ ಮಕ್ಕಳಿಗೆ ಗೆಳೆಯರೂ ಇಲ್ಲ, ಮನೆಯವರೂ ಬೇಡ: ಈ ಮಾತು ಎಷ್ಟು ನಿಜ?

ಮೊಬೈಲ್ ಬಂದ ಮೇಲೆ ಸಂಬಂಧಗಳೇ ಸತ್ತುಹೋದವು ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಂತೂ ಇದು ಬೇಗ ಹರಡುತ್ತದೆ. ಫಾರ್ವರ್ಡ್ ಮಾಡುವ ಮುನ್ನ ಇದರಲ್ಲಿ ನಿಜ ಎಷ್ಟಿದೆ ಎಂದು ನೋಡೋಣ.

ಬಾಗಲಕೋಟೆ ಜಿಲ್ಲೆಯ ಬೀಳಗಿಯನ್ನೇ ತೆಗೆದುಕೊಳ್ಳಿ. ಆಲಮಟ್ಟಿ ಹಿನ್ನೀರಿನಿಂದಾಗಿ ಈ ತಾಲ್ಲೂಕಿನ ಹಲವು ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು. ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಕುಟುಂಬಗಳೂ ಈ ಭಾಗದಲ್ಲಿವೆ. ಅಪ್ಪ-ಅವ್ವ ದೂರದಲ್ಲಿದ್ದು, ಅಜ್ಜಿಯ ಜೊತೆ ಉಳಿದು ಓದುವ ಹುಡುಗನಿಗೆ ರಾತ್ರಿಯ ವಿಡಿಯೊ ಕಾಲ್ ಸಂಬಂಧ ಕೆಡಿಸುತ್ತಿಲ್ಲ, ಉಳಿಸುತ್ತಿದೆ.

ಅಧ್ಯಯನಗಳು ಏನು ಹೇಳುತ್ತವೆ?

2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಬ್ರಿಟನ್ ಮತ್ತು ಅಮೆರಿಕದ 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಪರಿಶೀಲಿಸಿದರು. ಈ ಮಕ್ಕಳ ಮನಸ್ಸಿನ ನೆಮ್ಮದಿಯಲ್ಲಿ ಕಂಡ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4% ಮಾತ್ರ. ಇದು ಸರಾಸರಿ ಲೆಕ್ಕ. ಯಾವ ಮಗುವಿಗೂ ತೊಂದರೆಯಿಲ್ಲ ಎಂದು ಇದರ ಅರ್ಥವಲ್ಲ. ಎಷ್ಟು ಗಂಟೆ ನೋಡಿದರು ಎನ್ನುವುದರಷ್ಟೇ, ಯಾರ ಜೊತೆ, ಯಾತಕ್ಕಾಗಿ, ಏನನ್ನು ಬಿಟ್ಟು ನೋಡಿದರು ಎನ್ನುವುದೂ ಮುಖ್ಯ. ನಿದ್ದೆ ಬಿಟ್ಟು ನೋಡಿದರೆ ಹಾನಿ ಖಂಡಿತ.

ಫೋನ್ ಎಲ್ಲ ಮಕ್ಕಳ ಕೈಯಲ್ಲಿದೆಯೇ?

ಇಲ್ಲ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ ನಡೆದ 2023ರ 'ಅಸರ್' ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ 43.7% ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ 19.8% ಮಂದಿಗೆ ಮಾತ್ರ ಇತ್ತು. ಉಳಿದ ಹುಡುಗಿಯರು ಗೆಳತಿಗೆ ಕಳಿಸಿದ ಮಾತನ್ನು ಫೋನಿನ ಒಡೆಯರಾದ ಅಣ್ಣನೋ ಅಪ್ಪನೋ ಓದಬಹುದು. ಶಾಲೆಗೆ ರಜೆ ಬಂದರೆ ಗೆಳೆತನಕ್ಕೂ ರಜೆ.

ದೂರು ಮಕ್ಕಳ ಮೇಲೆ ಮಾತ್ರವೇ?

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಾವು ಮಾತಾಡಲು ಹೋದಾಗ ಅಪ್ಪ ಅಥವಾ ಅಮ್ಮನ ಗಮನ ಆಗಾಗ್ಗೆಯೋ ಕೆಲವೊಮ್ಮೆಯೋ ಫೋನಿನ ಮೇಲಿರುತ್ತದೆ ಎಂದು 46% ಮಕ್ಕಳು ಹೇಳಿದ್ದರು. ಅದನ್ನು ಒಪ್ಪಿಕೊಂಡ ಪೋಷಕರು 31% ಮಾತ್ರ! ನಮ್ಮ ಮನೆಗಳಲ್ಲೂ ಒಮ್ಮೆ ಕೇಳಿ ನೋಡಬಹುದು.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಬರಹದ ಸಂದೇಶದಲ್ಲಿ ಮುಖಭಾವವಿಲ್ಲ, ದನಿಯಿಲ್ಲ. ತಮಾಷೆಯೂ ಚುಚ್ಚಿದಂತೆ ಕಾಣುತ್ತದೆ. ಹಿಂದೆ ಶಾಲೆಯ ಜಗಳ ಶಾಲೆಯಲ್ಲೇ ಮುಗಿಯುತ್ತಿತ್ತು. ಈಗ ಅದು ಸ್ಕ್ರೀನ್‌ಶಾಟ್ ಆಗಿ ಹಾಸಿಗೆಯವರೆಗೂ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮೌನ. ಯಾರೋ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದರೂ, 'ಹೇಳಿದರೆ ಫೋನ್ ಕಸಿದುಕೊಳ್ಳುತ್ತಾರೆ, ಶಾಲೆ ಬಿಡಿಸುತ್ತಾರೆ' ಎಂಬ ಭಯಕ್ಕೆ ಹುಡುಗಿ ಬಾಯಿ ಬಿಡದೇ ಇರಬಹುದು. 'ಮೊಬೈಲೇ ಶತ್ರು' ಎನ್ನುವ ಸಂದೇಶಗಳು ಈ ಭಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ನಾವೇನು ಮಾಡಬಹುದು?

- ಊಟದ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ ಫೋನ್ ದೂರ ಇಡುವ ನಿಯಮ ದೊಡ್ಡವರಿಗೂ ಇರಲಿ.
- 'ಏನೇ ಆದರೂ ಹೇಳು, ನಿನ್ನನ್ನು ಬೈಯುವುದಿಲ್ಲ' ಎಂದು ಮೊದಲೇ ಹೇಳಿ.
- ಆನ್‌ಲೈನ್ ಬೆದರಿಕೆಗೆ 1930, ಮಕ್ಕಳ ನೆರವಿಗೆ 1098, ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಕೊನೆಯ ಮಾತು: ಈ ಸಂದೇಶ ಅರ್ಧ ಸತ್ಯ. ಫಾರ್ವರ್ಡ್ ಮಾಡುವ ಬದಲು, ಪಕ್ಕದಲ್ಲೇ ಕುಳಿತಿರುವ ಮಗನನ್ನೋ ಮಗಳನ್ನೋ 'ಇವತ್ತು ಏನಾಯ್ತು?' ಎಂದು ಕೇಳಿ.